ಬಿರಡೆ ಆರತಿ ತಟ್ಟೆಯಲ್ಲಿತ್ತು

ಮುಳುಗುತ್ತಿರುವ ದೋಣಿಯಲ್ಲಿ ಕೂತು ಮೊಸರನ್ನ ತಿಂದಿದ್ದೀರಾ? ನಾನು ಹೋದ ತಿಂಗಳ ಒಂದು ಶನಿವಾರ ತಿಂದೆ. ರುಚಿಯಾಗಿಯೇ ಇತ್ತು. (ಮುಳುಗುತ್ತಿದ್ದೇವೆ ಎಂದು ಖಾತ್ರಿಯಾಗುವ ಹೊತ್ತಿಗೆ ಉಪ್ಪಿನಕಾಯಿಯೂ ಮುಗಿದಿತ್ತು.)

ನಮ್ಮ ಭಾವ, ಅಂದರೆ ಗಂಡನ ಅಣ್ಣ, ಒಂದು ಸೆಕೆಂಡ್ ಹ್ಯಾಂಡ್ ಮೋಟರ್ ಬೋಟ್ ಕೊಂಡರು. ನಾವೆಲ್ಲ ಇರುವುದು ಪರದೇಶದಲ್ಲಿ, ಕರ್ಕ್‌ಲ್ಯಾಂಡ್‌ನಲ್ಲಿ ಅವರಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ದಿನವಿಡೀ ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ. ಗದಗಿನಿಂದ ನಮ್ಮ ಅತ್ತೆ ಬಂದಿದ್ದಾರೆ. ಅವ್ವನನ್ನು ಒಂದು ಸಲ ನೀರಿನ ಮೇಲೆ ತಿರುಗಾಡಿಸಬೇಕು ಎನ್ನುವುದು ಭಾವನ ಆಸೆ. ಅತ್ತೆಗೆ ಈಜು ಬರುವುದಿಲ್ಲ. ಅದನ್ನು ಅವರು ಎರಡು ಸಲ ಹೇಳಿಯೂ ಇದ್ದರು.

ಹೊಸ ವಾಹನ ಎಂದ ಮೇಲೆ ಪೂಜೆ ಆಗಬೇಡವೇ? ಈಸ್ಟ್‌ಗೇಟ್‌ನ ನಮ್ಮ ಮನೆ ಮುಂದೆ ಬೋಟನ್ನು ತೊಳೆದೆವು. ತೊಳೆದ ನೀರು ಇಳಿದು ಹೋಗಲಿ ಎಂದು ಹಿಂಬದಿಯ ತಳದಲ್ಲಿರುವ ತೂತಿನ ಬಿರಡೆಯನ್ನು ತೆಗೆದೆವು. ಸಣ್ಣ ವಸ್ತು, ಕಳೆದುಹೋದೀತೆಂದು ನನ್ನ ಗಂಡ ಅದನ್ನು ಆರತಿ ತಟ್ಟೆಯಲ್ಲಿಟ್ಟರು. ತಟ್ಟೆಯಲ್ಲಿದ್ದ ಎಲ್ಲದರ ಮೇಲೂ ಕುಂಕುಮ ಬಿತ್ತು, ಬಿರಡೆಯ ಮೇಲೂ ಬಿತ್ತು. ಕಾಯಿ ಒಡೆದೆವು. ಟ್ರೇಲರ್ ಚಕ್ರದಡಿ ನಿಂಬೆಹಣ್ಣು ಇಟ್ಟು ಹಾಯಿಸಿದೆವು. ಆಮೇಲೆ ತಟ್ಟೆ ದೇವರ ಕೋಣೆಗೆ ಹೋಯಿತು, ಬೋಟು ನೀರಿಗೆ ಹೋಯಿತು.

ಓಡುವಾಗ ಒಳಬಂದ ನೀರು ಹಾಗೇ ಹೊರಹೋಗುತ್ತದಂತೆ, ಏನೂ ಗೊತ್ತಾಗಲಿಲ್ಲ. ಸರೋವರದ ನಡುವೆ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಫೋಟೊದಲ್ಲಿ ಇಳಕಲ್ ಸೀರೆ ಕಾಣಲಿ ಎಂದು ಅತ್ತೆಯ ಲೈಫ್ ಜಾಕೆಟ್ ಬಿಚ್ಚಿಸಿದ್ದೆವು.

"ಸೀನ್ಯಾ, ಕಾಲಾಗ ನೀರು ಬರಾಕತ್ಯಾವಲ್ಲೋ," ಎಂದರು ಅತ್ತೆ.

"ಬೋಟ್ ಅಂದ್ರ ಸ್ವಲ್ಪ ನೀರು ಇರ್ತಾವವ್ವಾ. ಏನೂ ಆಗಂಗಿಲ್ಲ," ಎಂದರು ಭಾವ, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ.

ನನ್ನ ಗಂಡ ನೀರು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. "ನೀವಾದ್ರೂ ಹೇಳ್ರೀ," ಎಂದು ಪಿಸುಗುಟ್ಟಿದೆ.

"ಅಣ್ಣಗ ಗೊತ್ತಿರತೈತಿ ಬಿಡು."

ನಮ್ಮ ಮನೆಯ ಪದ್ಧತಿಯೇ ಹಾಗೆ. ಸ್ಟೀರಿಂಗ್ ಹಿಡಿದ ಅಣ್ಣನಿಗೆ ಎದುರು ಮಾತಿಲ್ಲ. ಹೈವೇಯಲ್ಲಿ ಅವರು ಎಕ್ಸಿಟ್ ತಪ್ಪಿಸಿಕೊಂಡರೆ ಕಾರಿನಲ್ಲಿರುವ ನಾವೆಲ್ಲ ಕಿಟಕಿಯಾಚೆಯ ಬೆಟ್ಟವನ್ನು ಹೊಗಳುತ್ತೇವೆ.

ನೀರು ಪಾದ ಮುಳುಗಿಸಿತು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಬೋಟಿನ ಹಿಂಭಾಗ ಕುಸಿಯತೊಡಗಿತು. ನನ್ನ ಗಂಡ ಅತ್ತೆಗೆ ಜಾಕೆಟ್ ತೊಡಿಸುತ್ತಿದ್ದರು, ಬಕಲ್ ಸೆರಗಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ನನಗೆ ಭಯವಾಯಿತು. ನೀರು ನೋಡಿ ಅಲ್ಲ, ಈ ಮುದುಕಿ ಹೋದರೆ ಅದು ನಮ್ಮ ಸಂಕೋಚದಿಂದಲೇ ಎಂದು ಹೊಳೆದು.

ಪಕ್ಕದಲ್ಲಿದ್ದ ಇನ್ನೊಂದು ಬೋಟಿನವರು ಬಂದು ಮೊದಲು ಅತ್ತೆಯನ್ನು, ಆಮೇಲೆ ನಮ್ಮನ್ನು ಎತ್ತಿಕೊಂಡರು. ಪುಣ್ಯ ದೊಡ್ಡದು. ನಮ್ಮ ಬೋಟು ಅಂಚಿನವರೆಗೆ ಮುಳುಗಿ, ಇನ್ನು ಮುಳುಗುವುದಕ್ಕೂ ಬೇಸರ ಎನ್ನುವಂತೆ ಅಲ್ಲೇ ನಿಂತಿತು.

ಭಾನುವಾರ ಮನೆಯಲ್ಲಿ ಪೋಸ್ಟ್‌ಮಾರ್ಟಮ್. ಭಾವನ ಪ್ರಕಾರ ಅದು ಸ್ಟ್ರಕ್ಚರಲ್ ಫೇಲ್ಯೂರ್. ತಳ ಬಿರುಕು ಬಿಟ್ಟಿರಬೇಕು, ಮಾರಿದವನು ಮೋಸ ಮಾಡಿರಬೇಕು. ನನ್ನ ಗಂಡ ತಲೆಯಾಡಿಸಿದರು. ನಾನು ದೇವರ ಕೋಣೆಗೆ ಹೋಗಿ, ಕುಂಕುಮ ಮೆತ್ತಿದ ಬಿರಡೆಯನ್ನು ತಂದು ಟೇಬಲ್ ಮೇಲಿಟ್ಟೆ. ಭಾವ ಅದನ್ನು ಎತ್ತಿ ತಿರುಗಿಸಿ ನೋಡಿದರು, ಬೆರಳಿಗೆ ಹತ್ತಿದ ಕುಂಕುಮ ಒರೆಸಿಕೊಂಡರು.

"ಇದೂ ಒಂದು ಫ್ಯಾಕ್ಟರ್ ಇರಬಹುದು," ಎಂದರು.

ಹಡಗು ಮುಳುಗುವುದೇಕೆ ಎಂದು ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದಿದಷ್ಟೂ ಸುಸ್ತು. ಒಂದು ಕಡೆ ಹ್ಯೂಮನ್ ಎರರ್: ಭಾರ ಹೆಚ್ಚಾಯಿತು, ದಾರಿ ತಪ್ಪಿತು, ಬಾಗಿಲು ಮುಚ್ಚಲಿಲ್ಲ. ಇನ್ನೊಂದು ಕಡೆ ಸ್ಟ್ರಕ್ಚರಲ್ ಫೇಲ್ಯೂರ್: ತಗಡು ಸೀಳಿತು, ಬೆಸುಗೆ ಬಿಟ್ಟಿತು. ಎರಡಕ್ಕೂ ನಡುವೆ ಅಷ್ಟು ದೊಡ್ಡ ಗೋಡೆ ಇದೆಯೇ? ತಗಡು ಒಂದೇ ದಿನಕ್ಕೆ ಸೀಳುವುದಿಲ್ಲ. ಯಾರೋ ತುಕ್ಕು ನೋಡಿರುತ್ತಾರೆ. ಮೇಲೆ ಬಣ್ಣ ಬಳಿಸಿರುತ್ತಾರೆ. ಇನ್ಯಾರೋ ನೋಡಿ, ದೊಡ್ಡವರಿಗೆ ಗೊತ್ತಿರುತ್ತದೆ ಬಿಡು ಎಂದು ಊಟಕ್ಕೆ ಹೋಗಿರುತ್ತಾರೆ. ಎಷ್ಟೋ ಸಲ ಸ್ಟ್ರಕ್ಚರಲ್ ಫೇಲ್ಯೂರ್ ಎಂದರೆ, ಎಂದೋ ಒಬ್ಬರು ಮಾಡಿ ಹತ್ತು ಜನ ಹೇಳದೆ ಬಿಟ್ಟ ತಪ್ಪಿಗೆ ಇಟ್ಟ ಲೋಹದ ಹೆಸರು. ಕಬ್ಬಿಣಕ್ಕೆ ಮಾನವಿಲ್ಲ, ಬೈದರೆ ಮುಖ ಊದಿಸಿಕೊಳ್ಳುವುದಿಲ್ಲ. ಅದಕ್ಕೇ ಬೈಗುಳವೆಲ್ಲ ಅದರ ಪಾಲಿಗೆ.

ಆಫೀಸುಗಳಲ್ಲಿ ಇದನ್ನು ಟೀಮ್ ಸ್ಪಿರಿಟ್ ಎನ್ನುತ್ತಾರೆ, ಮನೆಗಳಲ್ಲಿ ಮರ್ಯಾದೆ ಎನ್ನುತ್ತಾರೆ. ಎರಡೂ ಕಡೆ ದುಡಿದು ದಣಿದವಳು ನಾನು, ನನಗಂತೂ ವ್ಯತ್ಯಾಸ ಕಾಣಿಸಿಲ್ಲ.

ದಡಕ್ಕೆ ಎಳೆಸಿದ್ದ ಬೋಟು ರಿಪೇರಿಯಾಗಿ ಬಂದಿದೆ. ಬರುವ ಶನಿವಾರ ಮತ್ತೆ ಹೋಗೋಣ, ಅವ್ವನೂ ಬರಲಿ ಎಂದು ಭಾವ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದಾರೆ. ಎಲ್ಲರೂ ಹೆಬ್ಬೆರಳು ಎತ್ತಿದ್ದೇವೆ. ಅಡುಗೆಮನೆಯಲ್ಲಿ ಹೀರೇಕಾಯಿ ಹೆರೆಯುತ್ತಿದ್ದ ಅತ್ತೆಗೆ ಸುದ್ದಿ ಓದಿ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ಹೋಗೂದು ಹೋಗೂಣು. ನಾ ಹೇಳಿದ್ರ ಮುದುಕಿ ಮಾತು ಅಂತೀರಿ. ಈ ಸಲ ನೀರು ಬಂದ್ರ, ಅವಗ ಹೇಳಾವ್ರು ಯಾರು?"