ಚಟ್ನಿಪುಡಿಗೆ ಚಪ್ಪಲಿಯ ಉತ್ತರ

‘ನಮ್ಮ ಕಕ್ಷಿದಾರರ ಚಪ್ಪಲಿಗಳು ಬಹುಕಾಲದಿಂದ ಗ್ರಾಹಕರ ಪಾದಗಳಿಗೆ ಹಿತ ನೀಡಿವೆ.’ ದಾವಣಗೆರೆಯ ಮಂಡಿಪೇಟೆಯ ಕಾನೂನು ಸೇವಾ ಕಂಪನಿಯೊಂದು ನಮಗಾಗಿ ಸಿದ್ಧಪಡಿಸಿದ್ದ ಉತ್ತರದಲ್ಲಿ ಈ ಸಾಲನ್ನು ಅವರ ಕಚೇರಿಯಲ್ಲೇ ನಾನು ಜೋರಾಗಿ ಓದಿದಾಗ ಪಕ್ಕದಲ್ಲಿದ್ದ ಚಿಕ್ಕಮ್ಮನ ಮುಖ ಬಿಳಿಚಿತು. ಅವರು ಹರಿಹರದಲ್ಲಿ ಹನ್ನೆರಡು ವರ್ಷಗಳಿಂದ ಮಾರುತ್ತಿರುವುದು ಶೇಂಗಾ ಚಟ್ನಿಪುಡಿ.

ಪುಡಿಯ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಈ ಕಂಪನಿಯ ಮೂಲಕ ಅರ್ಜಿ ಹಾಕಿದ್ದೆವು. ಅಂಥದೇ ಹೆಸರು ಇನ್ನೊಬ್ಬರದಿದೆ ಎಂದು ಟ್ರೇಡ್‌ಮಾರ್ಕ್ ಕಚೇರಿಯಿಂದ ಆಕ್ಷೇಪ ಬಂದಿತ್ತು. ಉತ್ತರಿಸಲು ಉಳಿದಿದ್ದು ಎರಡೇ ದಿನ; ತಪ್ಪಿದರೆ ಅರ್ಜಿ ಕೈಬಿಟ್ಟಂತೆ. ಉತ್ತರ ಬರೆಸಲು ನಾನು ಕಂಪನಿಗೆ ಮಾಡಿದ ಕರೆಗಳು ಹನ್ನೊಂದು, ಮಾತಾಡಿದವರು ಒಂಬತ್ತು ಮಂದಿ. ಕೊನೆಗೆ ಯಾರದೋ ಚಪ್ಪಲಿ ಅಂಗಡಿಗೆ ಬರೆದದ್ದಕ್ಕೆ ಚಿಕ್ಕಮ್ಮನ ಹೆಸರು ಅಂಟಿಸಿದ್ದರು.

“ಇದನ್ನ ಯಾರು ಓದೀರ್ರಿ?” ಎಂದು ಚಿಕ್ಕಮ್ಮ ಕೇಳಿದರು.

“ಓದೋದೇನಿಲ್ರಿ ಅಮ್ಮಾರೆ, ಎಲ್ಲಾ ಸಾಫ್ಟ್‌ವೇರೇ ಬರೀತೈತೆ. ನಮ್ದು ಕಳ್ಸೋದಷ್ಟೇ,” ಎಂದ ಎದುರಿಗೆ ಕೂತಿದ್ದ ಕಂಪನಿಯ ಮ್ಯಾನೇಜರ್, ಫೋನಿನಿಂದ ಕಣ್ಣೆತ್ತದೆ.

“ಹಂಗಾದ್ರೆ ಪುಡಿನೂ ಅದಕ್ಕೇ ಕುಟ್ಟಾಕ ಹೇಳ್ರಿ,” ಎಂದು ಚಿಕ್ಕಮ್ಮ ಎದ್ದರು.

ಅವರು ವರ್ಷಕ್ಕೊಂದರಂತೆ ಎತ್ತಿಟ್ಟ, ಪುಡಿ ಪೊಟ್ಟಣದ ಹನ್ನೆರಡು ಲೇಬಲ್‌ಗಳು ಮನೆಯಲ್ಲಿದ್ದವು. ಹೆಸರು ಹಳೆಯದೆಂಬುದಕ್ಕೆ ಅವೇ ಸಾಕ್ಷಿ. ಕಂಪನಿಯಲ್ಲಿ ಯಾರೂ ಅವನ್ನು ಕೇಳಿಯೇ ಇರಲಿಲ್ಲ. ಮರುದಿನ ಹರಿಹರದ ಹಿರಿಯ ವಕೀಲರೊಬ್ಬರು ಅವನ್ನು ಒಂದೊಂದಾಗಿ ನೋಡಿ, ನಮ್ಮೆದುರೇ ಹೊಸ ಉತ್ತರ ಬರೆದು ಕಳಿಸಿದರು.

ಅರ್ಜಿ ಏನಾಗುವುದೋ ಇನ್ನೂ ಗೊತ್ತಿಲ್ಲ. ಮಂಡಿಪೇಟೆಯ ಆ ಕಚೇರಿಯ ಬಗ್ಗೆ ನನ್ನ ಡೈರಿಯಲ್ಲಿ ಉಳಿದ ಲೆಕ್ಕ ಇಷ್ಟೇ: ಕಂಪ್ಯೂಟರ್ ಆರು, ಕುರ್ಚಿ ಹದಿನಾಲ್ಕು, ಕಾಗದ ಓದುವವರು ಸೊನ್ನೆ.