ಎರೆಮಣ್ಣಿನವರು ಹಿಮದಲ್ಲಿ ಸರಪಳಿ ಕಟ್ಟಿದ್ದು

ನಮ್ಮ ಕಡೆ ಲಾರಿಯ ಗಾಲಿಗೆ ಸರಪಳಿ ಕಟ್ಟುವುದು ಕೆಸರಿಗಾಗಿ. ಸೇಡಂನಿಂದ ಚಿಂಚೋಳಿಯವರೆಗೂ ಎರೆಭೂಮಿ. ಮಳೆಗಾಲದಲ್ಲಿ ಹೊಲದ ದಾರಿಗಿಳಿದ ಲಾರಿ ಹೂತುಕೊಂಡರೆ ಡ್ರೈವರ್ ಕೆಳಗಿಳಿದು, ಮಳೆಗೂ ಮಣ್ಣಿಗೂ ಮಾಲೀಕನಿಗೂ ಒಂದೇ ಉಸಿರಿನಲ್ಲಿ ಬೈದು, ಹಿಂದಿನ ಗಾಲಿಗೆ ಸರಪಳಿ ಸುತ್ತಿ, ಕೆಳಗೆ ತೊಗರಿ ಕಟ್ಟಿಗೆ ಹಾಸಿ ಗಾಡಿ ಎಬ್ಬಿಸುತ್ತಾನೆ. ಹೂತ ಮೇಲೆ ಕಟ್ಟುವುದು ರೂಢಿ. ಮೊದಲೇ ಕಟ್ಟುವವನು ನಗೆಪಾಟಲಾಗುತ್ತಾನೆ. ವಾಡಿಯ ಚಹಾದಂಗಡಿಯಲ್ಲಿ ಯಾರಾದರೂ ಯಾವುದಕ್ಕಾದರೂ ಮುಂಚೆಯೇ ಹೆದರಿದರೆ, ಮದುವೆಗೇ ಹೆದರಲಿ, ಮಾಲೀಕನಿಗೇ ಹೆದರಲಿ, "ಏನಪಾ, ಒಣ ನೆಲದಾಗ ಸರಪಳಿ ಕಟ್ಟಿದಿ?" ಎಂದು ಕಾಡಿಸುತ್ತಾರೆ. ನಾನೂ ಎಷ್ಟೋ ಸಲ ಹಾಗೆ ಅಂದು ನಕ್ಕವನೇ. ಈಗ ಯಾರಾದರೂ ನನ್ನೆದುರು ಅಂದರೆ ಚಹಾ ಅಲ್ಲೇ ಬಿಟ್ಟು ಎದ್ದು ಬರುತ್ತೇನೆ.

ನನಗೆ ಲಾರಿ ಕಲಿಸಿದವರು ನನ್ನ ಅಕ್ಕನ ಗಂಡ. ದಂಡೋತಿಯವರು, ನಾನು ಮಾಮಾ ಎನ್ನುತ್ತೇನೆ, ಅವರು ನನ್ನನ್ನು ಅಳ್ಯಾ ಎನ್ನುತ್ತಾರೆ. ಅವರಿಗೆ ಬಹಳ ವರ್ಷಗಳಿಂದ ಶುಗರ್. ಮೊದಮೊದಲು ಪಾದ ಜುಮ್ ಎನ್ನುತ್ತಿತ್ತಂತೆ, ಆಮೇಲೆ ಅದೂ ನಿಂತಿತು. ಒಮ್ಮೆ ಚಿತ್ತಾಪುರದ ಸಂತೆಯಿಂದ ಮನೆಗೆ ಬಂದಾಗ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಕಳಚಿ ಬಿತ್ತೆಂದು ಅವರಿಗೇ ಗೊತ್ತಿರಲಿಲ್ಲ. ಅಷ್ಟಾದರೂ ಗಾಡಿ ಬಿಡಲಿಲ್ಲ. ಎಕ್ಸಲೇಟರ್ ಎಷ್ಟು ಒತ್ತಿದೆ ಎಂಬುದನ್ನು ಕಾಲಿನಿಂದಲ್ಲ, ಎಂಜಿನ್ನಿನ ಸದ್ದಿನಿಂದ ತಿಳಿಯುತ್ತಿದ್ದರು. ದಪ್ಪ ಬೂಟು ಹಾಕಿದರೆ ಉಳಿದ ಅಷ್ಟಿಷ್ಟು ಅರಿವೂ ಹೋಗುತ್ತದೆಂದು ತೆಳ್ಳನೆಯ ಕ್ಯಾನ್ವಾಸ್ ಬೂಟನ್ನೇ ಹಾಕುತ್ತಿದ್ದರು.

ಆ ಚಳಿಗಾಲದಲ್ಲಿ ಸೇಡಂನ ಮಿಲ್ಲಿನಿಂದ ಕಾಶ್ಮೀರಕ್ಕೆ ತೊಗರಿಬೇಳೆಯ ಲೋಡು ಸಿಕ್ಕಿತು. ಶಹಾಬಾದಿನ ಒಬ್ಬ ಡ್ರೈವರ್ ತನ್ನ ಜೋಡಿ ಡ್ರೈವರನೊಂದಿಗೆ ಇನ್ನೊಂದು ಲಾರಿಯಲ್ಲಿ ನಮ್ಮ ಜೊತೆ ಹೊರಟ. ಹೊರಡುವಾಗ ಅಕ್ಕ ಬುತ್ತಿಯ ಗಂಟು ನನ್ನ ಕೈಗಿಟ್ಟು, "ತಮ್ಮಾ, ನೀ ಗಾಡಿ ನೋಡಬ್ಯಾಡ, ಅವ್ರ ಕಾಲು ನೋಡು. ಡಾಕ್ಟರ್ ಹೇಳ್ಯಾರ, ಒಂದು ಗಾಯ ಆದ್ರ ಕಾಲೇ ಹೋಗತದ ಅಂತ" ಅಂದಳು. ಮಾಮಾ ಲಾರಿಯ ಮೇಲಿನಿಂದ, "ಏ, ನನ್ನ ಕಾಲಿಗಿ ನೀ ಯಾಕ ಕಾವಲುಗಾರನ ಇಡ್ತೀ?" ಎಂದು ನಕ್ಕರು. ಅಕ್ಕ ನಗಲಿಲ್ಲ.

ದಾರಿಯುದ್ದಕ್ಕೂ ದಿನಾ ಬೆಳಿಗ್ಗೆ ಅವರ ಪಾದ ತಿರುಗಿಸಿ ನೋಡಿದೆ. ಅವರು ಬೈಯುತ್ತಲೇ ತೋರಿಸಿದರು.

ದೊಡ್ಡ ಸುರಂಗ ದಾಟಿ ಹೊರಬಂದಾಗ ಕಣ್ಣು ಚುಚ್ಚುವಷ್ಟು ಬಿಳುಪು. ಹಿಂದಿನ ದಿನದ ಹಿಮ ಇನ್ನೂ ರಸ್ತೆಯ ಮೇಲೆಯೇ ಇತ್ತು. ಏರು ಶುರುವಾಗುವ ಮೊದಲು ಒಂದು ಸಪಾಟು ಜಾಗ. ಅಲ್ಲಿ ಲಾರಿಗಳೆಲ್ಲ ನಿಂತು ಸರಪಳಿ ಕಟ್ಟಿಕೊಳ್ಳುತ್ತಿದ್ದವು. ಕಟ್ಟುವ ರೀತಿ ಸುಲಭ. ಸರಪಳಿಯನ್ನು ನೆಲಕ್ಕೆ ಹಾಸಿ, ಗಾಡಿಯನ್ನು ಅದರ ಮೇಲೆ ಹತ್ತಿಸಿ, ತುದಿಗಳನ್ನು ಎಳೆದು ಕೊಕ್ಕೆ ಹಾಕಿದರೆ ಮುಗಿಯಿತು. ನಮ್ಮ ಕ್ಯಾಬಿನ್ನಿನಲ್ಲಿಯೂ ಸರಪಳಿ ಇತ್ತು. ಶಹಾಬಾದಿನವನು ಆಗಲೇ ಕೆಳಗಿಳಿದಿದ್ದ.

ಮಾಮಾ ಕಿಟಕಿಯಿಂದ ತಲೆ ಹೊರಹಾಕಿ, "ಏನ್ ಭಾಯಿ, ಒಣ ನೆಲದಾಗ ಸರಪಳಿ?" ಅಂದರು.

"ಒಣ ನೆಲ ಎಲ್ಲದ ಭಾಯಿ? ಕಣ್ಣರೆ ತೆರೀರಿ," ಅಂದ ಅವನು.

"ಮಾಮಾ, ನಾವೂ ಇಲ್ಲೇ ಕಟ್ಟೋಣ್ರಿ," ಎಂದೆ.

"ಗಾಡಿ ಹೊಂಟದಲ್ಲ? ನಿಂತ ಮ್ಯಾಲ ಕಟ್ಟಿದ್ರಾಯ್ತು."

ಇದು ಎರೆಮಣ್ಣಿನ ಬುದ್ಧಿ. ಜಗಳ ಆಡಿದೆ, ಹ್ಯಾಂಡ್‌ಬ್ರೇಕಿಗೆ ಕೈ ಹಾಕಲು ಹೋಗಿ ಬೈಸಿಕೊಂಡೆ. ಕಲಿಸಿದ ಗುರುವಿನ ಕೈಯಿಂದ ಸ್ಟೀರಿಂಗ್ ಕಿತ್ತುಕೊಳ್ಳಲು ಯಾರಿಂದಾಗುತ್ತದೆ? ಗಾಡಿ ಮುಂದೆ ಹೋಯಿತು.

ಎರಡನೆಯ ತಿರುವಿನಲ್ಲಿ ಹಿಂದಿನ ಗಾಲಿ ಸುಮ್ಮನೆ ತಿರುಗತೊಡಗಿತು. ನಮ್ಮ ಮಣ್ಣಿನಲ್ಲಾದರೆ ಹಿಂದೆ ಮುಂದೆ ಆಡಿಸಿ ರೇಸ್ ಕೊಟ್ಟರೆ ಗಾಲಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಮಾಮಾ ಹಾಗೆಯೇ ಮಾಡಿದರು. ಹಿಮ ಗಾಲಿಯಡಿ ಕರಗಿ, ಮತ್ತೆ ಗಟ್ಟಿಯಾಗಿ, ನೀರು ಚೆಲ್ಲಿದ ಫರಸಿ ಕಲ್ಲಿನಂತೆ ನುಣುಪಾಯಿತು. ಲಾರಿಯ ಹಿಂಭಾಗ ಅಡ್ಡಕ್ಕೆ ಸರಿದು ಗುಡ್ಡದ ಬದಿಯ ಕಾಲುವೆಗೆ ಇಳಿದು ನಿಂತಿತು. ಆಚೆ ಬದಿ ಕಣಿವೆ ಇತ್ತು. ಬದುಕಿದೆವು ಎಂದುಕೊಂಡೆ.

ಕಾಲುವೆಯಲ್ಲಿ ಮೇಲೆ ಹಿಮ, ಅಡಿಯಲ್ಲಿ ಹರಿಯುವ ನೀರು. ಅಲ್ಲಿ ಸರಪಳಿ ಹಾಸುವುದೆಲ್ಲಿ ಬಂತು? ಗಾಲಿಯ ಸುತ್ತ ಅಗೆದು, ಕೈಯಿಂದ ತೂರಿಸಿ ಎಳೆಯಬೇಕು. ಹಿಂದಿನಿಂದ ಬರುವ ಗಾಡಿ ನಮ್ಮ ಮೇಲೆ ಬೀಳದಂತೆ ತಿರುವಿನಲ್ಲಿ ಕೆಂಪು ಬಟ್ಟೆ ಹಿಡಿದು ನಿಲ್ಲಲು ಮಾಮಾ ನನ್ನನ್ನು ಕಳಿಸಿದರು. ತಾವು ಕಾಲುವೆಗೆ ಇಳಿದರು. ಹಿಂದೆಯೇ ಬಂದ ಶಹಾಬಾದಿನವನೂ ಕೈಜೋಡಿಸಿದ, ಆದರೆ ಆಗಾಗ ಮೇಲೆ ಬಂದು ಕಾಲು ಬಡಿದುಕೊಂಡು ಮತ್ತೆ ಇಳಿಯುತ್ತಿದ್ದ. ಮಾಮಾ ಮಧ್ಯಾಹ್ನದವರೆಗೂ ಒಮ್ಮೆಯೂ ಮೇಲೆ ಬರಲಿಲ್ಲ.

"ಮಾಮಾ, ಕಾಲು! ಮ್ಯಾಲ ಬರ್ರಿ!" ಎಂದು ತಿರುವಿನಿಂದಲೇ ಗಂಟಲು ಹರಿಯುವಂತೆ ಕೂಗಿದೆ.

"ನನಗ ಥಂಡಿನೇ ಹತ್ತವಲ್ದು ನೋಡಳ್ಯಾ! ಹರೇದವ್ರು ನೀವೇ ನಡುಗಾಕತ್ತೀರಿ," ಎಂದು ಅವರು ಕೂಗಿದರು.

ಅವರ ದನಿಯಲ್ಲಿ ಹೆಮ್ಮೆ ಇತ್ತು. ಇಷ್ಟು ವರ್ಷ ಅವರನ್ನು ಕಾಡಿದ ರೋಗ ಅಂದು ಮೊದಲ ಬಾರಿಗೆ ಅವರ ಕಡೆ ನಿಂತಂತೆ ಅನಿಸಿರಬೇಕು. ಈ ಹೆಮ್ಮೆ ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಅಳು ಬರುತ್ತದೆ.

ಸರಪಳಿ ಬಿಗಿಯಿತು. ಲಾರಿ ಗರಗರ ಎನ್ನುತ್ತ ಕಾಲುವೆಯಿಂದ ಎದ್ದು ಏರು ಹತ್ತಿ ಆಚೆ ಬದಿಗೆ ಇಳಿಯತೊಡಗಿತು. ಮಾಮಾ ತಾವೇ ಓಡಿಸಿದರು, ಚೆನ್ನಾಗಿಯೇ ಓಡಿಸಿದರು. ಬೂಟು ಬಿಚ್ಚಿ ಎಂದರೆ, ಇಳಿಜಾರು ಮುಗಿಯಲಿ ಎನ್ನುತ್ತಿದ್ದರು. ಕೆಳಗಿನ ಢಾಬಾದಲ್ಲಿ ಕೊನೆಗೂ ನಾನೇ ಬಿಚ್ಚಿದೆ. ಬಲಗಾಲಿನ ಬೂಟು ಎಲ್ಲಿಯೋ ಹರಿದಿತ್ತು. ಕಾಲುಚೀಲ ಗಟ್ಟಿಯಾಗಿ ಅಂಟಿಕೊಂಡಿತ್ತು. ಒಳಗಿನ ಬೆರಳುಗಳು ಮೇಣದಬತ್ತಿಯ ಬಣ್ಣಕ್ಕೆ ತಿರುಗಿದ್ದವು, ಮುಟ್ಟಿದರೆ ಕಟ್ಟಿಗೆ ಮುಟ್ಟಿದ ಹಾಗೆ. ಶಹಾಬಾದಿನವನು ನೋಡಿ ಮುಖ ತಿರುಗಿಸಿದ. ಮಾಮಾ ಮಾತ್ರ, "ನೋವೇನಿಲ್ಲಲ್ಲ, ಯಾಕ ಮಾರಿ ಸಣ್ಣ ಮಾಡ್ತೀರಿ?" ಅಂದರು.

ಅಲ್ಲಿಯ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಬೆರಳುಗಳು ಕಪ್ಪಾದವು. ಶಹಾಬಾದಿನವನ ಜೋಡಿ ಡ್ರೈವರನಿಗೆ ನಮ್ಮ ಗಾಡಿ ಒಪ್ಪಿಸಿ, ಮಾಮಾನನ್ನು ರೈಲಿನಲ್ಲಿ ವಾಡಿಗೆ ಕರೆತಂದೆ. ಕಲಬುರಗಿಯಲ್ಲಿ ಬಲಪಾದದ ಮುಂಭಾಗವನ್ನು ಕತ್ತರಿಸಿ ತೆಗೆದರು.

ಆಪರೇಷನ್ ಆದ ದಿನ ವಾರ್ಡಿನ ಹೊರಗೆ ಅಕ್ಕ ನನ್ನನ್ನು ಒಂದೇ ಮಾತು ಕೇಳಿದಳು: "ಆ ನೀರಾಗ ನಿಂತಾಗ ಭಾಳ ನೋವಾಗಿತ್ತೇನು ಅವ್ರಿಗಿ?"

"ಇಲ್ಲಕ್ಕಾ, ಒಟ್ಟಽ ಆಗಿಲ್ಲ," ಎಂದೆ. ಸಮಾಧಾನವಾಗಲಿ ಎಂದು ಹೇಳಿದ್ದು. ಆಕೆ ನನ್ನ ಮೇಲೆ ಹರಿಹಾಯ್ದಳು.

"ನೋವರೆ ಆಗಬೇಕಿತ್ತಲ್ಲೋ! ನೋವಾಗಿದ್ರ ಚೀರಿ ಮ್ಯಾಲ ಬರ್ತಿದ್ರು."

ಗಂಡನಿಗೆ ನೋವಾಗಲಿ ಎಂದು ಹಂಬಲಿಸಿದ ಹೆಂಡತಿಯನ್ನು ನಾನು ಬೇರೆ ಕಂಡಿಲ್ಲ.

ಗಾಯ ಮಾಯ್ದ ಮೇಲೆ ಮಾಮಾ ಮತ್ತೆ ಗಾಡಿಯ ಮಾತು ತೆಗೆದರು. ಒಂದು ಸಂಜೆ ನಾನು ದಂಡೋತಿಗೆ ಹೋಗಿದ್ದಾಗ ಅದೇ ವಾದ ನಡೆದಿತ್ತು. ಬಲಗಾಲಿನ ಹಿಮ್ಮಡಿಯಿಂದ ಎಕ್ಸಲೇಟರ್ ಒತ್ತಬಹುದಂತೆ, ಕ್ಲಚ್ಚಿಗೆ ಎಡಗಾಲು ಗಟ್ಟಿ ಇದೆಯಂತೆ. "ಎಡಗಾಲಿಗಿ ಈಗ ಎಲ್ಲಾ ಗೊತ್ತಾಗಾಕತ್ತದ, ಬೇಕಾದ್ರ ನೋಡು," ಎಂದು ಅಕ್ಕನಿಗೆ ಹೇಳಿದರು.

ಅಕ್ಕ ಒಳಗಿನಿಂದ ಬಂದು ಅವರ ಮುಂದೆ ಕುಳಿತಳು. "ಹಂಗಾದ್ರ ಕಣ್ಣು ಮುಚ್ರಿ," ಅಂದಳು.

ಮಾಮಾ ಕಣ್ಣು ಮುಚ್ಚಿದರು. ಅಕ್ಕ ಎಡಪಾದದ ಹತ್ತಿರ ಕೈ ಒಯ್ದಳು, ಮುಟ್ಟಲಿಲ್ಲ. ಕೈಯನ್ನು ಗಾಳಿಯಲ್ಲೇ ಹಿಡಿದು ಕೇಳಿದಳು, "ಗೊತ್ತಾಗತದೇನ್ರಿ?"

"ಹೂಂ, ಗೊತ್ತಾಗಾಕತ್ತದ," ಅಂದರು ಮಾಮಾ. "ನಿನ್ನ ಕೈ ಭಾಳ ತಣ್ಣಗದ."

ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೌದ್ರಿ, ಈಗಷ್ಟೇ ಭಾಂಡೆ ತೊಳದು ಬಂದೀನಿ," ಅಂದಳು.