ಹಡಗಿನ ಅಡುಗೆಯವರ ಶನಿವಾರದ ಮೇಜು

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ನಿನ್ನೆ ನೆನೆಹಾಕಿದ್ದ ರಾಜ್ಮಾವನ್ನು ಕುಕ್ಕರಿಗೆ ಹಾಕಿದೆ. ನಾಲ್ಕು ತೆಂಗಿನಕಾಯಿ ತುರಿದು ಹಾಲು ಹಿಂಡಿದೆ. ವಾಷರ್‌ನಲ್ಲಿದ್ದ ಬಟ್ಟೆಯನ್ನು ಡ್ರೈಯರ್‌ಗೆ ಹಾಕಿ, ಮಗಳು ಅದಿತಿಯನ್ನು ಎರಡು ಸಲ ಎಬ್ಬಿಸಿದೆ. ಯಜಮಾನರ ಕೈಲಿ ಪಕ್ಕದ ಮನೆಯ ಗರಾಜಿನಿಂದ ಮಡಿಸುವ ಮೇಜನ್ನು ತರಿಸಿ, ಡ್ರೈವ್‌ವೇಯಲ್ಲಿ ಬಿಡಿಸಿ ನಿಲ್ಲಿಸಿ, ಅದರ ಮೇಲೆ ಒದ್ದೆ ಬಟ್ಟೆ ಹಾಸಿದೆ.

ಒದ್ದೆ ಬಟ್ಟೆ ಡೆಸ್ಮಂಡ್ ಅವರ ಪದ್ಧತಿ. ಗ್ರೆನಡಾ ದ್ವೀಪದಲ್ಲಿ ಹುಟ್ಟಿ, ನಲವತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿ, ಕೊನೆಗೆ ಅಮೆರಿಕದ ಈ ಫೋರ್ಟ್ ಮಿಲ್‌ನಲ್ಲಿ ನಮ್ಮ ಪಕ್ಕದ ಮನೆಗೆ ಬಂದವರು ಅವರು. ತಟ್ಟೆ ಜಾರದಿರಲೆಂದು ಹಡಗಿನಲ್ಲಿ ಹಾಸುತ್ತಿದ್ದ ಆ ಬಟ್ಟೆಯಿಲ್ಲದೆ ದಡಕ್ಕೆ ಬಂದ ಮೇಲೂ ಊಟಕ್ಕೆ ಕೂರುತ್ತಿರಲಿಲ್ಲ. ಪಾತ್ರೆಯನ್ನು ಮುಕ್ಕಾಲಿಗಿಂತ ಹೆಚ್ಚು ತುಂಬುತ್ತಿರಲಿಲ್ಲ. "ಸಮುದ್ರ ಹೇಳಿ ಕೇಳಿ ಏಳಲ್ಲ, ಮಿಸ್ ವನಜ" ಎನ್ನುವರು. ಸಮುದ್ರ ನಮ್ಮಿಂದ ಮೂರು ಗಂಟೆಯ ಡ್ರೈವ್. ಭಾರಿ ಆಳು, ಕಾಲಗಲಿಸಿ ನಡಿಗೆ, ಅಂಗಿಯ ಜೇಬಿನಲ್ಲಿ ಸದಾ ಒಂದು ಜಾಯಿಕಾಯಿ. ಮಾತಿನ ಮಧ್ಯೆ ಅದನ್ನು ತೆಗೆದು ಒಮ್ಮೆ ಮೂಸಿ ಒಳಗಿಡುವರು, ನಮ್ಮಲ್ಲಿ ಹಿರಿಯರು ನಶ್ಯ ಏರಿಸುತ್ತಿದ್ದ ಹಾಗೆ. ಅವರ ಇಂಗ್ಲಿಷಿಗೆ ಏರಿಳಿತದ ಒಂದು ರಾಗವಿತ್ತು. ನೆನಪಿನಲ್ಲಿ ಮಾತ್ರ ಅವರು ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲ ಭೇಟಿ ಎರಡು ಸಾವಿರದ ಇಪ್ಪತ್ತರಲ್ಲಿ, ಎಲ್ಲರೂ ಮನೆಯೊಳಗೆ ಕೂತಿದ್ದ ದಿನಗಳಲ್ಲಿ. ಬಾಗಿಲ ಮುಂದೆ ಮುಚ್ಚಿದ ಪಾತ್ರೆಯನ್ನಿಟ್ಟು ದೂರ ನಿಂತಿದ್ದರು.

"ಮೀನು ಸರ್ ಇದು. ತಿಂತೀರಾ?"

"ಇಲ್ಲ" ಎಂದರು ನಮ್ಮ ಯಜಮಾನರು.

"ಕೋಳಿ?"

"ಇಲ್ಲ."

"ಮೊಟ್ಟೆ?"

ಯಜಮಾನರು ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಬೇಜಾರಾದೀತು ಅಂದುಕೊಂಡರೆ ಡೆಸ್ಮಂಡ್ ನಕ್ಕುಬಿಟ್ಟರು. "ಹಡಗಲ್ಲಿ ಇಪ್ಪತ್ತೆಂಟು ಜನ, ಹನ್ನೊಂದು ಥರದ ಉಪವಾಸ. ಎಲ್ಲರಿಗೂ ಬಡಿಸಿದೀನಿ. ನಿಮ್ಮದು ಯಾವ ಥರ ಅಂತ ಬಿಡಿಸಿ ಹೇಳಿ, ಸಾಕು."

ಮರುವಾರವೇ ಹೊಸ ಪಾತ್ರೆ, ಹೊಸ ಸೌಟು ತಂದು ಹಿಡಿಗಳಿಗೆ ಹಸಿರು ಟೇಪ್ ಸುತ್ತಿದರು. ಆ ಪಾತ್ರೆಯಲ್ಲಿ ಮಾಂಸ ಬೇಯಲೇ ಇಲ್ಲ. ತೆಂಗಿನಹಾಲಿನಲ್ಲಿ ಅಕ್ಕಿಯೂ ರಾಜ್ಮಾವೂ ಬೆಂದು, ಮೇಲೆ ಜಾಯಿಕಾಯಿ ತುರಿದ ಅನ್ನ ಅದರಲ್ಲಿ ಬರುತ್ತಿತ್ತು.

ಕಾಯಿಲೆಯ ಭಯ ಸ್ವಲ್ಪ ತಗ್ಗಿದ ಮೇಲೆ ಶನಿವಾರದ ಮೇಜು ಶುರುವಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಡ್ರೈವ್‌ವೇಯಲ್ಲಿ ಊಟ: ಹಸಿರು ಟೇಪಿನ ಪಾತ್ರೆಯ ಅನ್ನ, ಬೇರೆ ಪಾತ್ರೆಯಲ್ಲಿ ಮೀನು. ಟಪಾಲಿನವಳು, ಪ್ಯಾಕೇಜ್ ತರುವವರು, ಛಾವಣಿ ರಿಪೇರಿಯವರು, ಬೀದಿಯ ಮಕ್ಕಳು, ಯಾರು ಬಂದರೂ ಸರಿ. ಹೆಂಡತಿ ಮಕ್ಕಳಿಲ್ಲದ ಮನುಷ್ಯನಿಗೆ ವಾರವೆಂದರೆ ಆ ಒಂದು ದಿನ. ಬರಬಹುದಾದವರನ್ನು ಎಣಿಸಿ ನಾಲ್ಕು ಜನಕ್ಕೆ ಹೆಚ್ಚು ಮಾಡುವರು. "ಯಾರಿಗೆ ಆ ನಾಲ್ಕು?" ಎಂದರೆ, "ಗೊತ್ತಿದ್ದಿದ್ರೆ ಅವರನ್ನೂ ಎಣಿಸ್ತಿದ್ನಲ್ಲ" ಎನ್ನುವರು.

ಮುಂದೊಂದು ಚಳಿಗಾಲ ಅವರಿಗೇ ಕೋವಿಡ್ ಆಯಿತು. ಗುಣವಾಗಿ ಮೇಜು ಹಾಕಿದ ಮೊದಲ ಶನಿವಾರ ಅನ್ನ ಬಾಯಿಗಿಡಲಾಗದಷ್ಟು ಉಪ್ಪು. ಎಲ್ಲರೂ ನೀರು ಕುಡಿಕುಡಿದು ತಿಂದರು. ಮರುವಾರವೂ ಹಾಗೇ. ಅದರ ಮರುವಾರ ಮೇಜೇ ಬರಲಿಲ್ಲ.

ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಕೂತಿದ್ದರು. ಮುಂದೆ ತುರಿಮಣೆ, ಅರ್ಧ ಸವೆದ ಜಾಯಿಕಾಯಿ, ಪುಡಿಯ ಗುಡ್ಡೆ. "ಮರದ ಗೋಲಿ ಇದು, ಮಿಸ್ ವನಜ. ವಾಸನೆಯಿಲ್ಲ. ಉಪ್ಪು ನಾಲಿಗೆಗೆ ಮರಳು. ಇನ್ನು ಮೇಜು ಸಾಕು. ಜನ ನನ್ನ ಮುಖ ನೋಡಿ ತಿಂತಿದಾರೆ."

"ನಾನು ರುಚಿ ನೋಡ್ತೀನಿ ಬಿಡಿ" ಎಂದೆ.

"ಮೀನಿನದೂ?"

ಅದು ನನ್ನಿಂದಾಗದು. ಆಗ ನಮ್ಮ ಮನೆಯ ಕ್ರಮ ನೆನಪಾಯಿತು. "ನೋಡಿ, ಹಬ್ಬದ ದಿನ ನಾವೂ ರುಚಿ ನೋಡಲ್ಲ. ಮೂಸೋ ಹಾಗೂ ಇಲ್ಲ. ದೇವರಿಗೆ ಇಡೋ ತನಕ ನಾಲಿಗೆಗೆ ಏನೂ ಸೋಕಬಾರದು."

"ಇಪ್ಪತ್ತು ಜನಕ್ಕೆ ಮಾಡಿದ್ರೂ? ಉಪ್ಪೂ ನೋಡದೆ?"

"ಅಂಗೈ ಲೆಕ್ಕ. ಕುದಿಯೋ ಸದ್ದು. ನೊರೆ ನೋಡಿ ಇಳಿಸೋದು."

ತುರಿಮಣೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ನಿಮ್ಮ ದೇವರು ನಮ್ಮ ಕ್ಯಾಪ್ಟನ್‌ಗಿಂತ ಧೈರ್ಯವಂತ. ಕ್ಯಾಪ್ಟನ್ ನನಗೆ ಮೊದಲು ತಿನ್ನಿಸಿ ಆಮೇಲೆ ತಾನು ತಿಂತಿದ್ದ."

ಯುಗಾದಿಯ ಬೆಳಿಗ್ಗೆ ಅವರನ್ನು ನಮ್ಮ ಅಡುಗೆಮನೆಗೆ ಕರೆದೆ. ಒಲೆಯಿಂದ ದೂರ ಒಂದು ಕುರ್ಚಿ ಹಾಕಿಕೊಟ್ಟೆ. ಪುಟ್ಟ ಪುಸ್ತಕ ತೆರೆದು ಕೂತರು. ಅಂಗೈಯ ಗುಳಿ ತುಂಬ ಉಪ್ಪು ಹಿಡಿದು, ಇದು ಎಂಟು ಜನದ ಹುಳಿಗೆ ಎಂದು ತೋರಿಸಿದೆ. ಅವರು ತಮ್ಮ ದೊಡ್ಡ ಅಂಗೈಯನ್ನು ನನ್ನದರ ಪಕ್ಕಕ್ಕೆ ಹಿಡಿದು, ಎಷ್ಟು ಕಡಿಮೆ ಹಾಕಬೇಕೆಂದು ಅಳೆದರು. ಬರೆಯುತ್ತ ಬರೆಯುತ್ತ ಅವರ ಕೈ ನಿಂತಿತು. "ಇದೆಲ್ಲ ನನ್ನ ಕೈಗೆ ಗೊತ್ತಿತ್ತು. ನಾಲಿಗೆ ಸುಮ್ಮನೆ ಹೆಸರು ಹೊಡ್ಕೊಂಡಿತ್ತು" ಎಂದರು.

ನೈವೇದ್ಯವಾಯಿತು, ಊಟಕ್ಕೆ ಕೂತೆವು. ಡೆಸ್ಮಂಡ್ ಹುಳಿಯನ್ನ ಕಲಸಿ ತುಂಬು ಮನಸ್ಸಿನಿಂದ ತಿಂದು "ಪರ್ಫೆಕ್ಟ್" ಎಂದರು. ಅದಿತಿ ಮೊದಲ ತುತ್ತಿಗೇ ತಲೆಯೆತ್ತಿದಳು.

"ಅಮ್ಮ, ದೇರ್ ಈಸ್ ನೋ ಸಾಲ್ಟ್ ಇನ್ ದಿಸ್."

ಅಂಗೈಯಲ್ಲಿ ಹಿಡಿದು ತೋರಿಸಿದ ಉಪ್ಪು ಹಾಗೇ ಬಟ್ಟಲಿಗೆ ವಾಪಸಾಗಿತ್ತು! "ಪಾಠ ಹೇಳಕ್ಕೆ ಹೋಗಿ ಟೀಚರಮ್ಮನೇ ಫೇಲು" ಎಂದರು ಯಜಮಾನರು. ನನಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದ ಹಾಗಾಯಿತು. ಡೆಸ್ಮಂಡ್ ಮಾತ್ರ ಗಂಭೀರವಾಗಿ ದೇವರ ಮನೆಯತ್ತ ನೋಡಿ ಕೇಳಿದರು: "ಅವರು ಮೊದಲೇ ತಿಂದರಲ್ಲ, ಏನೂ ಹೇಳಲಿಲ್ವಾ?"

"ಇಲ್ಲ."

"ಎಂಥಾ ಸಭ್ಯರು!" ಹೊಟ್ಟೆ ಕುಲುಕುವಂತೆ ನಕ್ಕು ಕಣ್ಣೊರೆಸಿಕೊಂಡರು. "ಉಪ್ಪಿನ ಬಟ್ಟಲು ಈ ಕಡೆ ತನ್ನಿ. ಇಷ್ಟಕ್ಕೆ ನಾನು ಮೇಜು ಮಡಿಸಿಟ್ಟಿದ್ನಾ?"

ಆ ಶನಿವಾರ ಮೇಜು ಮತ್ತೆ ಬಂತು, ನಡುವೆ ಒಂದು ಬಟ್ಟಲು ಉಪ್ಪಿನ ಜೊತೆಗೆ. ಬಂದವರಿಗೆಲ್ಲ ಡೆಸ್ಮಂಡ್ ತಾವೇ ಹೇಳಿಬಿಟ್ಟರು: "ನನಗೆ ರುಚಿ ಗೊತ್ತಾಗಲ್ಲ. ಕಡಿಮೆ ಇದ್ರೆ ಹಾಕ್ಕೊಳ್ಳಿ, ಜಾಸ್ತಿ ಇದ್ರೆ ಬೈದುಬಿಡಿ." ಬೈಯುವ ಪ್ರಮೇಯ ಅಪರೂಪಕ್ಕೆ ಬಂತು. ರುಚಿ ಅವರಿಗೆ ಹಿಂತಿರುಗಲೇ ಇಲ್ಲ. ಜಾಯಿಕಾಯಿಯನ್ನು ಮಾತ್ರ ದಿನವೂ ಮೂಸುತ್ತಿದ್ದರು, ಊರಿಗೆ ಹೋದವರ ಮನೆಯ ಬೆಲ್ ಒತ್ತಿ ನೋಡುವ ಹಾಗೆ.

ಈ ಸೋಮವಾರ ಹೃದಯದ ಚಿಕಿತ್ಸೆಗೆಂದು ಆಸ್ಪತ್ರೆಗೆ ಹೊರಟವರು ಹಸಿರು ಟೇಪಿನ ಪಾತ್ರೆಯನ್ನೂ ಗರಾಜಿನ ಕೀಲಿಯನ್ನೂ ನನ್ನ ಕೈಗೆ ಕೊಟ್ಟರು. "ಈ ಶನಿವಾರ ಒಂದು ನೀವು ನೋಡ್ಕೊಳ್ಳಿ. ಮೀನು ಬೇಡ, ಅನ್ನ ಸಾಕು. ನಾಲ್ಕು ಜನಕ್ಕೆ ಹೆಚ್ಚು, ಮರೀಬೇಡಿ."

"ಉಪ್ಪು ಮರೀಬಹುದಾ?" ಎಂದೆ.

"ಅದು ನಿಮಗೆ ಅಭ್ಯಾಸ ಇದೆ" ಎಂದು ನಗುತ್ತ ಕಾರು ಹತ್ತಿದರು. ಗುರುವಾರ ಆಸ್ಪತ್ರೆಯಲ್ಲೇ ತೀರಿಹೋದರು.

ಮೇಜು ಹಾಕಬೇಕೋ ಬೇಡವೋ ಎಂದು ಯಜಮಾನರು ಕೇಳಿದಾಗ ನಾನು ರಾಜ್ಮಾ ನೆನೆಹಾಕುತ್ತಿದ್ದೆ. ಇವತ್ತು ಮೂವತ್ತು ಜನರನ್ನು ಎಣಿಸಿ ಮೂವತ್ತನಾಲ್ಕಕ್ಕೆ ಮಾಡಿದೆ. ಪಾತ್ರೆಯನ್ನು ಮುಕ್ಕಾಲು ತುಂಬಿಸಿ, ಮಿಕ್ಕದ್ದನ್ನು ಇನ್ನೊಂದರಲ್ಲಿಟ್ಟೆ. ಹಬ್ಬವಲ್ಲದಿದ್ದರೂ ರುಚಿ ನೋಡಲಿಲ್ಲ. ಮೊದಲ ತಟ್ಟೆಯನ್ನು ಡೆಸ್ಮಂಡ್ ಕೂರುತ್ತಿದ್ದ ಮೂಲೆಯಲ್ಲಿ ಇಟ್ಟೆ. ಒಂದು ಗಂಟೆಯ ಹೊತ್ತಿಗೆ, ಏನೂ ತಿಳಿಯದ ಹೊಸ ಡೆಲಿವರಿ ಹುಡುಗಿಯೊಬ್ಬಳು ಬಂದು ಅಲ್ಲೇ ಕೂತು ಆ ತಟ್ಟೆಯನ್ನೇ ಎಳೆದುಕೊಂಡಳು. ಅದಿತಿ ತಡೆಯಹೋದಳು. ನಾನು ಬೇಡವೆಂದು ಕಣ್ಣಲ್ಲೇ ಹೇಳಿ ಉಪ್ಪಿನ ಬಟ್ಟಲನ್ನು ಆ ಹುಡುಗಿಯತ್ತ ಸರಿಸಿದೆ. ಅವಳು ಹಾಕಿಕೊಳ್ಳಲಿಲ್ಲ.

ಸಂಜೆ ತಳದಲ್ಲಿ ಉಳಿದಿದ್ದ ಅನ್ನಕ್ಕೆ ಮೊಸರು ಬೆರೆಸಿ, ಮಾವಿನಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಮೂವರೂ ತಿಂದೆವು. ಬಡಿಸಿ ಬಡಿಸಿ ಕೈ ಸೋತಿದ್ದ ಅದಿತಿ ಕೈ ತೊಳೆದವಳೇ ಸೋಫಾದ ಮೇಲೆ ಮೊದಲು ಮಲಗಿದಳು.